ಏಕಮಾತ್ರಾ ನಸ್ಯಯಂತ್ರದ ವ್ಯಾಜ್ಯ

ಮಾತ್ರಾ ಎಂಬ ಶಬ್ದವು ಇಂದು ಗುಳಿಗೆಯೆಂಬ ಅರ್ಥದಲ್ಲಿ ರೂಢವಾಗಿದ್ದರೂ ಅದರ ಮೂಲಾರ್ಥವು ಪ್ರಮಾಣವೆಂಬುದೇ ಆಗಿದೆ. ಒಂದೇ ಮಾತ್ರೆಯ ಔಷಧವನ್ನು ತುಂಬಿ, ಅದನ್ನು ಮೂಗಿಗೆ ಪ್ರಯೋಗಿಸುವ ಮೂತಿಯನ್ನೂ ಕೂಡಿಸಿ ಮಾಡಿದ ಒಂದು ಉಪಕರಣದ ವಿಷಯದಲ್ಲಿ ಅಮೆರಿಕಾ ದೇಶದಲ್ಲಿ ನಡೆದ ಪೇಟೆಂಟು ವ್ಯಾಜ್ಯವು ಶಾಸ್ತ್ರಾಭ್ಯಾಸಿಗಳಿಗೂ ವಿಚಾರಾರ್ಹವಾಗಿರುವುದರಿಂದ ಅದನ್ನಿಲ್ಲಿ ನಿರೂಪಿಸಲಾಗಿದೆ.

ಅಫೀಮಿನ ವರ್ಗದ ದ್ರವ್ಯಗಳು ಮಿತಿಮೀರಿದರೆ ಶ್ವಾಸವು ಮಂದವಾಗಿ ಕಡೆಗೆ ನಿಂತೇಹೋಗುವುದು. ಇದಕ್ಕೆ ಪ್ರತಿವಿಷವಾದ ನಲೋಕ್ಸೋನಿಗೆ ಆ ದೇಶದಲ್ಲಿ ೧೯೭೧ರಲ್ಲಿಯೇ ಅನುಮತಿ ದೊರೆತಿದ್ದಿತು. ಆದರೆ ಅದನ್ನು ಸೂಜಿಯಿಂದಲೇ ಕೊಡಬೇಕಾಗಿದ್ದಿತು. ಬಳಿಕ ೨ ಮಿಲಿಗ್ರಾಂ ಔಷಧವುಳ್ಳ ೨ ಮಿಲಿಲೀಟರ್ ದ್ರವದ ಪಿಚಕಾರಿಗೆ ತುಂತುರುಮೂತಿಯನ್ನು ಕೈಯಿಂದ ಜೋಡಿಸಿ ಮೂಗಿಗೆ ಸಿಂಪಡಿಸುವ ರೂಢಿ ಬಂದಿತು. ಅಷ್ಟು ದ್ರವವನ್ನು ಮೂಗು ಹಿಡಿಯಲಾರದು. ಪ್ರಾಣಸಂಕಟದಲ್ಲಿ ಜೋಡಣೆಯೂ ಸುಲಭವಲ್ಲ. ೨೦೧೫ರ ನವೆಂಬರಿನಲ್ಲಿ ಅನುಮತಿ ಪಡೆದ ನಾರ್ಕ್ಯಾನ್ ತುಂತುರು ಈ ಎರಡು ಕುಂದುಗಳನ್ನೂ ನೀಗಿಸಿತು. ಅದರಲ್ಲಿ ೪ ಮಿಲಿಗ್ರಾಂ ಔಷಧವು ೦.೧ ಮಿಲಿಲೀಟರಿನಲ್ಲಿ ಅಡಕವಾಗಿದೆ. ಒಮ್ಮೆ ಒತ್ತಿದರೆ ಪ್ರಯೋಗವು ಮುಗಿಯಿತು.

ಟೇವಾ ಕಂಪೆನಿಯು ಇದರ ಪ್ರತಿರೂಪವನ್ನು ಮಾರಲು ಅನುಮತಿ ಬೇಡಲು, ಪೇಟೆಂಟಿನ ಒಡೆತನವಿದ್ದ ಅಡಾಪ್ಟ್ ಕಂಪೆನಿಯು ದಾವೆ ಹೂಡಿತು. ವಾದಿಯ ಪಕ್ಷವಿದು: ಬೆನ್ಜಾಲ್ಕೋನಿಯಂ ಕ್ಲೋರೈಡೆಂಬ ಸಂರಕ್ಷಕವು ನಲೋಕ್ಸೋನನ್ನು ಕೆಡಿಸುವುದೆಂದು ಹಿಂದಿನ ಲೇಖವೊಂದು ಹೇಳಿದ್ದಿತು, ಆದುದರಿಂದ ಬಲ್ಲವರು ಅದನ್ನು ವರ್ಜಿಸುತ್ತಿದ್ದರು, ಅದನ್ನೇ ಸೇರಿಸಿ ಸಿದ್ಧಿ ಪಡೆದುದು ನೂತನ ಕಲ್ಪನೆಯಲ್ಲವೆ?

ನ್ಯೂಜೆರ್ಸಿಯ ನ್ಯಾಯಾಲಯವು ೨೦೨೦ರಲ್ಲಿ ಇದನ್ನೊಪ್ಪಲಿಲ್ಲ. ಮೇಲ್ಮನವಿಯ ನ್ಯಾಯಾಲಯವೂ ೨೦೨೨ರ ಫೆಬ್ರವರಿ ೧೦ರಂದು ಆ ತೀರ್ಪನ್ನೇ ಸ್ಥಿರಪಡಿಸಿತು. ಆ ಸಂರಕ್ಷಕವು ಮೂಗಿನ ಔಷಧಗಳಲ್ಲಿ ಪ್ರಸಿದ್ಧವಾದುದು. ಒಂದು ಲೇಖದ ನಿಷೇಧದಿಂದ ಇತರ ಲೇಖಗಳ ವಿಧಿಯು ಬಾಧಿತವಾಗದು. ಮೂಗಿನಿಂದ ಸ್ವಲ್ಪಾಂಶವೇ ರಕ್ತಕ್ಕೆ ಸೇರುವುದರಿಂದ ಮಾತ್ರೆಯನ್ನು ಹೆಚ್ಚಿಸುವ ಪ್ರೇರಣೆಯೂ ಮೊದಲೇ ಇದ್ದಿತು. ಮೂವರಲ್ಲಿ ನ್ಯಾಯಾಧೀಶೆ ನ್ಯೂಮನ್ ಒಬ್ಬರು ಭಿನ್ನಮತವನ್ನಿತ್ತರು. ಆರಿಸಿದ ಈ ಜೋಡಣೆಯನ್ನೇ ಹಿಂದಿನವರಾರೂ ಸೂಚಿಸಿರಲಿಲ್ಲವೆಂಬುದು ಅವರ ಅಭಿಪ್ರಾಯ.

ಇಲ್ಲಿ ಎರಡು ಪ್ರಶ್ನೆಗಳನ್ನು ವಿವೇಚಿಸಿ ತಿಳಿಯತಕ್ಕದ್ದು. ಈ ಸಂಯೋಗವು ಹಿಂದೆ ಇದ್ದಿತೆ ಎಂಬುದು ಒಂದು. ಇಲ್ಲದಿದ್ದರೂ ನಿಪುಣನಿಗೆ ಅದು ಸಹಜವಾಗಿ ತೋರುತ್ತಿತ್ತೆ ಎಂಬುದು ಇನ್ನೊಂದು. ವ್ಯಾಜ್ಯವು ತೀರ್ಮಾನವಾದುದು ಎರಡನೆಯದರ ಮೇಲೆ. ಕಾವ್ಯವಿಚಾರದಲ್ಲಿ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಹಳೆಯ ಅರ್ಥಗಳಿಗೂ ಹೊಸತನವುಂಟೆಂದು ಸಾಧಿಸಿದ್ದಾನೆ. ಆದರೆ ಕವಿಯ ಹೊಸತನವು ಇತರ ಕವಿಗಳ ಬಾಯನ್ನು ಕಟ್ಟುವುದಿಲ್ಲ. ಪೇಟೆಂಟಾದರೋ ಇತರರ ಕೈಯನ್ನು ಕಟ್ಟುವುದು. ಆದುದರಿಂದಲೇ ಅದರ ಪರೀಕ್ಷೆಯು ಕಠಿನವಾಗಿರಬೇಕು. ನಮ್ಮ ೧೯೭೦ರ ಪೇಟೆಂಟು ಅಧಿನಿಯಮದ ೩ನೆಯ ಪ್ರಕರಣದ ಎಫ್ ಉಪವಾಕ್ಯವೂ, ತಿಳಿದಿರುವ ಸಾಧನಗಳನ್ನು ಅವು ತಂತಮ್ಮ ಕೆಲಸವನ್ನೇ ಬೇರೆ ಬೇರೆಯಾಗಿ ಮಾಡುವಂತೆ ಸುಮ್ಮನೆ ಜೋಡಿಸಿದ ಮಾತ್ರಕ್ಕೆ ಅದು ಆವಿಷ್ಕಾರವಾಗದೆಂದು ವಿಧಿಸಿದೆ.

ನಾರ್ಕ್ಯಾನನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ೨೦೨೩ರ ಮಾರ್ಚಿಯಲ್ಲಿ ಅನುಮತಿ ದೊರೆಯಿತು. ಸಹಜವೆಂಬ ಒಂದು ಪದದ ಅರ್ಥನಿರ್ಣಯದಿಂದ, ಉಸಿರು ನಿಲ್ಲುತ್ತಿರುವವನ ಬಳಿಯಿರುವ ಔಷಧವನ್ನು ಒಬ್ಬರೇ ಮಾಡಬಹುದೋ ಹಲವರು ಮಾಡಬಹುದೋ ಎಂಬುದು ನಿಶ್ಚಯವಾಯಿತು. ಶಬ್ದಾರ್ಥವಿಚಾರದ ಗೌರವವು ಇಂತಹ ಎಡೆಗಳಲ್ಲಿ ಸ್ಪಷ್ಟವಾಗುವುದು.