ಮರದ ಮೋಟಾರು ದೋಣಿಯ ಎಂಜಿನ್ ಬದಲಾವಣೆ

ಮರದ ಮೋಟಾರು ದೋಣಿಯ ಎಂಜಿನ್ ಬದಲಾವಣೆ ಎಂದರೆ ಹಳೆಯ ದೋಣಿಯ ಒಡಲನ್ನು ದುರಸ್ತಿಗೊಳಿಸಿ, ಸವೆದ ಎಂಜಿನ್ನಿನ ಸ್ಥಾನದಲ್ಲಿ ಬೇರೊಂದನ್ನು ಕೂರಿಸುವ ಕಾರ್ಯ. ಪಶ್ಚಿಮ ಕರಾವಳಿಯ ಮೀನುಗಾರಿಕಾ ದೋಣಿಗಳ ಯಾಂತ್ರೀಕರಣದಲ್ಲಿ, ಕೊಲ್ಲಂ ಬಳಿಯ ನೀಂಡಕರದಲ್ಲಿ 1953ರಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯ ಪಾತ್ರ ದೊಡ್ಡದು. ಮಂಗಳೂರು, ಮಲ್ಪೆಗಳಲ್ಲೂ ಬಹುಕಾಲ ಮರದ ದೋಣಿಗಳೇ ಬಳಕೆಯಲ್ಲಿದ್ದವು. ಇಂದು ಉಕ್ಕಿನ ಮತ್ತು ಫೈಬರ್‌ಗ್ಲಾಸಿನ ದೋಣಿಗಳು ಹೆಚ್ಚು.

ಎಂಜಿನ್ ಕೊಳ್ಳುವ ಮೊದಲು ಮರವನ್ನು ಪರೀಕ್ಷಿಸಬೇಕು. ಉಪ್ಪುನೀರಿಗಿಂತ ಒಳಗೆ ನಿಂತ ಮಳೆನೀರೇ ಮರವನ್ನು ಬೇಗ ಕೊಳೆಸುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿಮರ ಸ್ಪಷ್ಟವಾಗಿ ದನಿಗೊಡುತ್ತದೆ, ಕೊಳೆತದ್ದು ಮಂದವಾಗಿ. ಎಂಜಿನ್ ಕೂರುವ ತೊಲೆಗಳು ಎಣ್ಣೆ ಹೀರಿ ಮೆತ್ತಗಾಗಿದ್ದರೆ ಅವುಗಳನ್ನು ಬದಲಿಸದೆ ವಿಧಿಯಿಲ್ಲ. ಹೊಸ ಎಂಜಿನ್ನಿನ ತೂಕ ಬೇರೆಯಾದರೆ ದೋಣಿ ತೇಲುವ ಭಂಗಿಯೂ ಬದಲಾಗುತ್ತದೆ. ಹಳೆಯ ಪ್ರೊಪೆಲ್ಲರ್ ಹೊಂದದಿದ್ದರೆ ಎಂಜಿನ್ ತನ್ನ ಪೂರ್ಣ ವೇಗ ಮುಟ್ಟದೆ ಕಪ್ಪು ಹೊಗೆಯುಗುಳುತ್ತದೆ.

ಅತ್ಯಂತ ಸೂಕ್ಷ್ಮವಾದದ್ದು ಎಂಜಿನ್ ಮತ್ತು ಶಾಫ್ಟ್‌ಗಳನ್ನು ಒಂದೇ ರೇಖೆಗೆ ತರುವ ಕೆಲಸ. ದಡದಲ್ಲಿ ಒಣಗಿದ ಹಲಗೆಗಳು ನೀರಿಗಿಳಿದಾಗ ಉಬ್ಬುತ್ತವೆ. ಒಡಲಿನ ಆಕಾರವೂ ತುಸು ಬದಲಾಗುತ್ತದೆ. ಆದ್ದರಿಂದ ದೋಣಿಯನ್ನು ನೀರಿಗಿಳಿಸಿ, ಕೆಲವು ದಿನ ತೇಲಲು ಬಿಟ್ಟು, ಬಳಿಕವೇ ಕೊನೆಯ ಹೊಂದಾಣಿಕೆ ಮಾಡಬೇಕು. ದಡದ ಅಳತೆಯನ್ನೇ ನಂಬಿದರೆ ಶಾಫ್ಟ್ ಅದುರಿ ಬೇರಿಂಗ್ ಸವೆಯುತ್ತದೆ; ಶಾಫ್ಟ್ ಹೊರಹೋಗುವ ರಂಧ್ರದಿಂದ ಸಮುದ್ರದ ನೀರು ಒಳಬರುತ್ತದೆ.