ನಿಮಗಿದು ಗೊತ್ತೇ? ತಾರೆಯರನ್ನು ಬೆಳಗಿಸಿದ ಅಂಚೆ ಕಾರ್ಡು

ತುಮಕೂರಿನ ಶಿರಾ ಗೇಟಿನಲ್ಲಿ ಐದು ನಿಮಿಷ ನಿಂತು ಆಟೋಗಳ ಹಿಂಬದಿ ಓದಿದ್ದೀರಾ? ಅಣ್ಣಾವ್ರು (ರಾಜ್‌ಕುಮಾರ್), ಶಂಕ್ರಣ್ಣ (ಶಂಕರ್‌ನಾಗ್). ಇವು ಟೈಟಲ್ ಕಾರ್ಡಿನಲ್ಲಿ ಬಂದ ಹೆಸರುಗಳಲ್ಲ, ಜನರ ಬಾಯಲ್ಲಿ ಹುಟ್ಟಿದವು. ಶಂಕರ್‌ನಾಗ್ ಅವರ ‘ಆಟೋ ರಾಜ’ ಬಂದದ್ದು 1980ರಲ್ಲಿ. ಹತ್ತೇ ವರ್ಷಕ್ಕೆ, 1990ರ ಸೆಪ್ಟೆಂಬರ್ 30ರಂದು, ಶಿರಾ ಗೇಟಿನಿಂದ ಉತ್ತರಕ್ಕೆ ಹೊರಡುವ ಇದೇ ದಾರಿಯಲ್ಲಿ ಮುಂದೆ, ದಾವಣಗೆರೆ ಹತ್ತಿರದ ಆನಗೋಡು ಬಳಿ ಅಪಘಾತದಲ್ಲಿ ತೀರಿಕೊಂಡರು. ಆಟೋ ನಿಲ್ದಾಣಗಳಲ್ಲಿ ಅವರ ಪಟಕ್ಕೆ ಹೂ ಏರುವುದು ಇನ್ನೂ ನಿಂತಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದವರು ನಮ್ಮ ತುಮಕೂರು ಸೀಮೆಯವರೇ! ಹೆಸರಿನಲ್ಲೇ ಊರನ್ನು ಇಟ್ಟುಕೊಂಡ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಚಿತ್ರ ತೆರೆಕಂಡದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಇವತ್ತು ನೋಡೋಣವೆಂದರೆ ಒಂದು ಪ್ರತಿಯೂ ಉಳಿದಿಲ್ಲ. ಉಳಿದಿರುವುದು ಕೆಲವು ಫೋಟೋ, ಜಾಹೀರಾತು. ರೀಲು ಹೋಯಿತು, ಕಾಗದ ಉಳಿಯಿತು.

ಟಾಕೀಸಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಪದ್ಯದ ಪುಸ್ತಕ ನೆನಪಿದೆಯೇ? ಅದರಲ್ಲಿನ ಕಥಾಸಾರಾಂಶ ಸರಿಯಾಗಿ ಗಂಟು ಬಿಗಿಯುವ ಜಾಗದಲ್ಲಿ ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎನ್ನುತ್ತಿತ್ತು.

ಅಭಿಮಾನಿ ಪತ್ರಕ್ಕಿಂತ ಹಳೆಯದೊಂದಿದೆ: ‘ಒನ್ಸ್ ಮೋರ್’. ಕಂಪನಿ ನಾಟಕದಲ್ಲಿ ಹಾಡು ಹಿಡಿಸಿತೆಂದರೆ ಹಿಂದಿನ ಸಾಲಿನಿಂದ ಕೂಗು ಏಳುತ್ತಿತ್ತು. ಯುದ್ಧಭೂಮಿಯಲ್ಲಿ ಸತ್ತು ಬಿದ್ದ ಪಾತ್ರವಾದರೂ ಸರಿ, ಎದ್ದು ಮತ್ತೆ ಹಾಡಬೇಕು! ನಾಟಕ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ತೀರ್ಮಾನಿಸುತ್ತಿದ್ದವರು ಪ್ರೇಕ್ಷಕರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಬೆಳೆದದ್ದು ಇಂಥ ಪ್ರೇಕ್ಷಕರ ಎದುರಿನಲ್ಲಿ. ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದ ಮುತ್ತುರಾಜ, 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಬಂದಾಗ ರಾಜ್‌ಕುಮಾರ್ ಆದರು. ಮುಂದೆ ಅವರು ಅಭಿಮಾನಿಗಳನ್ನು ‘ದೇವರುಗಳು’ ಎಂದು ಕರೆದದ್ದು ವೇದಿಕೆಯ ಅಲಂಕಾರದ ಮಾತಲ್ಲವೆಂದೇ ನಾನು ನಂಬಿದ್ದೇನೆ. ಒನ್ಸ್ ಮೋರ್ ಕೂಗಿಗೆ ಓಗೊಟ್ಟು ಬೆಳೆದ ಕಲಾವಿದರಿಗೆ ಅನ್ನ ಯಾರ ಕೈಯಿಂದ ಬರುತ್ತದೆಂಬುದು ಗೊತ್ತಿರುತ್ತದೆ. ಅದೇ ‘ಬೇಡರ ಕಣ್ಣಪ್ಪ’ದಲ್ಲಿ ನಗಿಸಿದ ನರಸಿಂಹರಾಜು ತಿಪಟೂರಿನವರು, ಅವರನ್ನು ಹಾಸ್ಯ ಚಕ್ರವರ್ತಿಯೆಂದು ಒಪ್ಪಿಕೊಂಡವರೂ ಜನರೇ.

ಕುಣಿಗಲ್ಲಿನ ಹೆಸರನ್ನು ಸಿನಿಮಾ ಪತ್ರಿಕೆಗಳಿಗೆ ಹತ್ತಿಸಿದವರು ಹಾಸ್ಯನಟ, ಸಂಭಾಷಣೆಕಾರ ಕುಣಿಗಲ್ ನಾಗಭೂಷಣ್.

1929ರಲ್ಲಿ ಇಬ್ಬರು ತಾರೆಯರು ಹುಟ್ಟಿದರು. ಮಾರ್ಚ್ 22ಕ್ಕೆ ಮಲಯದ ಪೆನಾಂಗ್‌ನಲ್ಲಿ ಪಿ. ರಾಮ್ಲಿ, ಏಪ್ರಿಲ್ 24ಕ್ಕೆ ನಮ್ಮ ರಾಜ್‌ಕುಮಾರ್. ಇಬ್ಬರೂ ನಟರು, ಇಬ್ಬರೂ ಗಾಯಕರು. ರಾಮ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಸಿಂಗಪುರದಲ್ಲಿ ‘ಬಿಂತಾಂಗ್’ ಎಂಬ ಸಿನಿಮಾ ಪತ್ರಿಕೆಯನ್ನೇ ಹೊರಡಿಸಿದರು. ಬಿಂತಾಂಗ್ ಎಂದರೆ ಮಲಯ ಭಾಷೆಯಲ್ಲಿ ನಕ್ಷತ್ರ.

ಸಿನಿಮಾ ಪತ್ರಿಕೆಯಲ್ಲಿ ಓದುಗರು ಮೊದಲು ತಿರುವುತ್ತಿದ್ದ ಪುಟ ಯಾವುದು? ಎಷ್ಟೋ ಮಂದಿಗೆ ಪ್ರಶ್ನೋತ್ತರ. ಮುಂಬೈಯಲ್ಲಿ 1935ರಲ್ಲಿ ‘ಫಿಲ್ಮ್ ಇಂಡಿಯಾ’ ಶುರುಮಾಡಿದ ಬಾಬುರಾವ್ ಪಟೇಲ್, ಓದುಗರ ಪ್ರಶ್ನೆಗೆ ಕೊಡುತ್ತಿದ್ದ ಖಾರದ ಉತ್ತರಗಳಿಂದಲೇ ಮನೆಮಾತಾದರು. ಕನ್ನಡದಲ್ಲಿ ಆ ರುಚಿ ಹತ್ತಿಸಿದವರು ‘ಸುಧಾ’ ವಾರಪತ್ರಿಕೆಯ ‘ನೀವು ಕೇಳಿದಿರಿ’ ಅಂಕಣದ ಬೀchi. ಅಂಚೆ ಕಾರ್ಡಿನಲ್ಲಿ ಪ್ರಶ್ನೆ ಕಳಿಸುವವರಿಗೆ ಉತ್ತರ ಎಷ್ಟು ಮುಖ್ಯವೋ, ಅಚ್ಚಿನಲ್ಲಿ ತಮ್ಮ ಹೆಸರು, ಊರಿನ ಹೆಸರು ಬರುವುದೂ ಅಷ್ಟೇ ಮುಖ್ಯ. ತಾರೆಯ ಚಿತ್ರವಿದ್ದ ಪತ್ರಿಕೆಯಲ್ಲೇ ತನ್ನ ಊರೂ ಇದೆ! ಆ ಸಂಭ್ರಮವನ್ನು ಕಡಿಮೆಯೆಂದು ಎಣಿಸಬೇಡಿ.

ಮಣಿಪಾಲದ ಸಿನಿಮಾ ಪತ್ರಿಕೆ ‘ರೂಪತಾರಾ’ದ ಬಣ್ಣದ ಚಿತ್ರಗಳು ಪುಸ್ತಕದೊಳಗೆ ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಕ್ಷೌರದಂಗಡಿಯ ಗೋಡೆ, ಹಾಸ್ಟೆಲ್ ಟ್ರಂಕಿನ ಮುಚ್ಚಳ, ನೋಟ್‌ಬುಕ್ಕಿನ ರಟ್ಟು, ಹೀಗೆ ಹೊಸ ವಿಳಾಸ ಹುಡುಕಿಕೊಳ್ಳುತ್ತಿದ್ದವು.

1954ರಲ್ಲಿ ಮೊದಲ ಸಲ ಕೊಟ್ಟ ‘ಫಿಲ್ಮ್‌ಫೇರ್’ ಸಿನಿಮಾ ಪತ್ರಿಕೆಯ ಪ್ರಶಸ್ತಿಗೆ ಮತ ಹಾಕಿದವರು ಆ ಪತ್ರಿಕೆಯ ಓದುಗರು.

ಅಭಿಮಾನ ಬೀದಿಗಿಳಿದದ್ದೂ ಉಂಟು. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಧುಮುಕಿದಾಗ, ಅಭಿಮಾನಿ ಸಂಘಗಳು ಭಾಷೆಯ ಹೋರಾಟಕ್ಕೆ ಕಾಲಾಳಾದವು. ಅಭಿಮಾನ ಕಣ್ಣಿನ ದಾನಕ್ಕೂ ಹಬ್ಬಿತು: 2006ರಲ್ಲಿ ರಾಜ್‌ಕುಮಾರ್ ಅವರ ಕಣ್ಣುಗಳು, 2021ರಲ್ಲಿ ಅವರ ಮಗ ಪುನೀತ್ ಅವರ ಕಣ್ಣುಗಳು ದಾನವಾದ ಮೇಲೆ ನೇತ್ರದಾನದ ಪತ್ರಕ್ಕೆ ಸಹಿ ಹಾಕಲು ಜನ ಮುಗಿಬಿದ್ದರು.

ಸಿನಿಮಾ ಹುಚ್ಚಿನ ಹೆಣ್ಣುಮಗಳೊಬ್ಬಳ ಕಥೆ ರಾಷ್ಟ್ರಪ್ರಶಸ್ತಿ ತಂದಿದೆ. ವೈದೇಹಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯಾಗಿ ನಟಿಸಿ ಶ್ರೇಷ್ಠ ನಟಿ ಎನಿಸಿಕೊಂಡ ಉಮಾಶ್ರೀ ಹುಟ್ಟಿದ್ದು ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ.

ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಸಿನಿಮಾ ಪತ್ರಿಕೆ, ಪದ್ಯದ ಪುಸ್ತಕ ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಓದುಗರ ಪತ್ರಗಳ ಪುಟ ತೆರೆದು ನೋಡಿ. ಗುಬ್ಬಿಯದೋ ಕುಣಿಗಲ್ಲಿನದೋ ಒಂದು ಹೆಸರು ಸಿಕ್ಕೀತು. ಫೋಟೋ ತೆಗೆದಿಟ್ಟುಕೊಂಡು, ಪುಸ್ತಕವನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.