ಸೊನ್ನೆಯ ಮೇಲೆ ಜಾಗವಿಲ್ಲ

ಫೆಸ್ಟ್‌ಗೆಂದು ಹಾಡು ಮಿಕ್ಸ್ ಮಾಡುವ ಹಾಸ್ಟೆಲ್ ರೂಮುಗಳಲ್ಲಿ ಜಗಳ ಒಂದೇ: ‘ನನ್ನ ಗಿಟಾರ್ ಕೇಳಿಸ್ತಿಲ್ಲ, ಜಾಸ್ತಿ ಮಾಡೋ!’ ಗಿಟಾರ್ ಏರಿದರೆ ಡ್ರಮ್ಸ್ ಏರಬೇಕು, ಆಮೇಲೆ ಗಾಯಕ. ಆದರೆ ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ಲೇ ಸೂರು. 16 ಬಿಟ್ ಫೈಲಿನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆಯಿಲ್ಲ; ಅದನ್ನು ಮೀರಿದ ಅಲೆಯ ತಲೆ ಚಪ್ಪಟೆ. ಅದೇ ಕ್ಲಿಪ್ಪಿಂಗ್, ಕಿವಿಗೆ ಕರಕರ. ರೆಕಾರ್ಡಿಂಗ್‌ನಲ್ಲೇ ತುಂಡಾದದ್ದು ಆಮೇಲೆ ಫೇಡರ್ ಇಳಿಸಿದರೂ ಮರಳದು. ಆದ್ದರಿಂದ ಮೈನಸ್ 12ರ ಆಸುಪಾಸಿನಲ್ಲೇ ರೆಕಾರ್ಡ್ ಮಾಡಿ. ಗಿಟಾರ್ ಕೇಳಿಸಬೇಕೇ? ಉಳಿದವನ್ನು ಇಳಿಸಿ. (ಡ್ರಮ್ಮರ್ ಒಪ್ಪುವುದು ಬೇರೆ ಮಾತು!)

ಮೆಟಾಲಿಕಾದಂಥ ಬ್ಯಾಂಡೇ 2008ರ ‘ಡೆತ್ ಮ್ಯಾಗ್ನೆಟಿಕ್’ ಸಿ.ಡಿ.ಗೆ ಇದೇ ದೂರು ಕೇಳಿತು. ಅದೇ ಹಾಡುಗಳು ‘ಗಿಟಾರ್ ಹೀರೋ’ ಗೇಮ್‌ನಲ್ಲಿ ಹೆಚ್ಚು ಸ್ವಚ್ಛವಾಗಿ ಕೇಳುತ್ತವೆಂದು ಅಭಿಮಾನಿಗಳೇ ಪತ್ತೆಹಚ್ಚಿದರು. ಈಗಂತೂ ಸ್ಪಾಟಿಫೈ, ವಿಪರೀತ ಜೋರಾದ ಹಾಡನ್ನು ತಾನೇ ತಗ್ಗಿಸಿ ನುಡಿಸುತ್ತದೆ. ಆಗ ಜೋರು ಹೋಗಿ ಕರಕರ ಮಾತ್ರ ಉಳಿಯುತ್ತದೆ.